ಪಕ್ಕದ ಸೈಟಿನ ಬೆರಕೆ ಸೊಪ್ಪು

ಕುಂಬಾರಕೊಪ್ಪಲಿನ ನಮ್ಮ ಮನೆಯ ಪಕ್ಕದಲ್ಲಿ ಒಂದು ಖಾಲಿ ಸೈಟಿದೆ. ಅದರ ಮಾಲೀಕರು ವರ್ಷಕ್ಕೊಮ್ಮೆ ಬಂದು ಗೇಟಿನಿಂದಲೇ ಇಣುಕಿ ಹೋಗುತ್ತಾರೆ. ಅಲ್ಲಿ ಬೆಳೆಯುವ ಸೊಪ್ಪಿನ ಮೇಲೆ ಮಾತ್ರ ನಮ್ಮ ಅತ್ತೆಗೆ ಮಾಲೀಕರಿಗಿಲ್ಲದ ಅಭಿಮಾನ. ಅಣ್ಣೆ, ಗಣಿಕೆ, ಹೊನಗೊನೆ, ಹೆಸರು ಗೊತ್ತಿಲ್ಲದ ಇನ್ನೂ ಏನೇನೋ ಸೇರಿದ ಬೆರಕೆ ಸೊಪ್ಪು. ಪ್ರತಿ ಭಾನುವಾರ ಬೆಳಿಗ್ಗೆ ಮಾವ ಕೈಚೀಲ, ಚಾಕು ಹಿಡಿದು ಸೈಟಿನ ಕಡೆ ಹೊರಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಪಂಚೆಗೆಲ್ಲ ಉತ್ತರಾಣಿ ಮುಳ್ಳು ಅಂಟಿಸಿಕೊಂಡು, ಬೇರಿನಲ್ಲಿ ಮಣ್ಣು ಮೆತ್ತಿದ ಸೊಪ್ಪು ತರುತ್ತಿದ್ದರು. ಅತ್ತೆ ಅದರಲ್ಲಿ ಬಸ್ಸಾರು ಮಾಡುತ್ತಿದ್ದರು.

"ಮಾರ್ಕೆಟ್ ಸೊಪ್ಪಲ್ಲಿ ಬರೀ ಔಷಧಿ ಕಣಮ್ಮ. ಇದು ನೋಡು, ಯಾರೂ ಮುಟ್ಟಿಲ್ಲ, ಏನೂ ಹೊಡ್ದಿಲ್ಲ" ಎಂದು ಸೋಸುವಾಗಲೆಲ್ಲ ನನಗೆ ಹೇಳುವರು.

ಹೋದ ವರ್ಷ ಮಳೆಗಾಲಕ್ಕೆ ಮುಂಚಿನ ಒಂದು ಭಾನುವಾರ ನಾವು ಮುದ್ದೆ, ಬಸ್ಸಾರು ಉಂಡು ಕೈ ತೊಳೆಯುತ್ತಿದ್ದೆವು. ಹಿಂದಿನ ಮನೆಯ ಯಜಮಾನರು ಕಾಂಪೌಂಡಿನ ಮೇಲಿಂದ ಮಾತಿಗೆ ನಿಂತರು. "ಸೈಟ್ ಓನರ್ರು ಕೊನೆಗೂ ಬುದ್ಧಿ ಕಲ್ತ್ರು ನೋಡಿ. ಶುಕ್ರವಾರ ಆಳು ಕರೆಸಿ ಕಳೆ ಔಷಧಿ ಹೊಡೆಸ್ಬುಟ್ರು. ಇನ್ನು ಹಾವಿನ ಕಾಟ ಇಲ್ಲ" ಎಂದರು.

ಅತ್ತೆ ಸೈಟಿನ ಕಡೆ ನೋಡಿದರು. ಹುಲ್ಲಿನ ತುದಿ ಆಗಲೇ ಹಳದಿಗೆ ತಿರುಗಿತ್ತು. ಅವರ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು.

ನನ್ನ ಗಂಡ ತಕ್ಷಣ ಮೊಬೈಲ್ ತೆಗೆದು ಓದಲು ಶುರು ಮಾಡಿದರು. ಅದು ಅವರು ಮಾಡಿದ ಮೊದಲ ತಪ್ಪು. "ತಲೆ ಸುತ್ತಬಹುದಂತೆ" ಎಂದರು. ಅತ್ತೆ ಗೋಡೆ ಹಿಡಿದುಕೊಂಡರು. "ಬಾಯಿ ಒಣಗಬಹುದಂತೆ" ಎಂದರು, ನನಗೆ ಬಾಯಾರಿತು. "ನಾಲಿಗೆ ದಪ್ಪ ಆಗುತ್ತಾ ಅಂತ ಹಾಕಿಲ್ಲ" ಎನ್ನುತ್ತಾ ಕನ್ನಡಿ ಮುಂದೆ ಹೋಗಿ ನಾಲಿಗೆ ಚಾಚಿ ನಿಂತರು. ನನಗೆ ಕಾಲು ಜುಮ್ಮೆನ್ನುತ್ತಿತ್ತು. ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂತದ್ದರಿಂದ ಎಂದು ಆಗ ಹೊಳೆಯಲಿಲ್ಲ. ಮಾವ ಮಾತ್ರ ಪೇಪರ್ ಹಿಡಿದು ಕೂತಿದ್ದರು. ಪೇಪರ್ ತಲೆಕೆಳಗಾಗಿತ್ತು.

ಚೆನ್ನಾಗಿ ನೀರು ಕುಡಿಯೋಣ ಎಂದು ನಾನು ಹೇಳಿದೆ. ಅತ್ತೆ ನನ್ನ ಕೈಯಿಂದ ಲೋಟ ಕಸಿದುಕೊಂಡರು. ನಮ್ಮ ಸಂಪು ಇರುವುದು ಸೈಟಿನ ಗೋಡೆಗೇ ಅಂಟಿಕೊಂಡು. "ಸೊಪ್ಪಿಗೆ ಬಿದ್ದಿದ್ದು ಸಂಪಿಗೆ ಬೀಳಲ್ವಾ?" ಗಂಡ ಓಡಿಹೋಗಿ ಅಂಗಡಿಯಿಂದ ನೀರಿನ ಕ್ಯಾನ್ ತಂದರು. ಕ್ಯಾನಿನ ಬಾಯಿಗೆ ಧೂಳು ಹತ್ತಿದೆಯೆಂದು ನಲ್ಲಿ ತಿರುಗಿಸಿ ಸಂಪಿನ ನೀರಲ್ಲೇ ಚೆನ್ನಾಗಿ ತೊಳೆದರು. ಆಮೇಲೆ ಆ ಕ್ಯಾನನ್ನೂ ಯಾರೂ ಮುಟ್ಟಲಿಲ್ಲ.

ಅಷ್ಟರಲ್ಲಿ ಅತ್ತೆ "ಅಯ್ಯೋ, ಬೀಗರು" ಎಂದು ಕುಸಿದು ಕೂತರು.

ನನ್ನ ನಾದಿನಿಯನ್ನು ಕೊಟ್ಟಿರುವುದು ಕೆಸರೆಗೆ. ಮದುವೆಯಾಗಿ ಮೂರು ತಿಂಗಳೂ ಆಗಿರಲಿಲ್ಲ. ಅಂದು ನಾದಿನಿ ಗಂಡನ ಜೊತೆ ಪ್ರವಾಸ ಹೋಗಿದ್ದಳು, ಮನೆಯಲ್ಲಿದ್ದವರು ಅವಳ ಅತ್ತೆ ಮಾವ ಇಬ್ಬರೇ. ಬೀಗಿತ್ತಿಗೆ ಬಸ್ಸಾರು ಇಷ್ಟವೆಂದು ಆ ಬೆಳಿಗ್ಗೆ ಗಂಡ ಸ್ಕೂಟರಿನಲ್ಲಿ ಹೋಗಿ ಡಬ್ಬಿ ಕೊಟ್ಟು ಬಂದಿದ್ದರು. ಹೊಸ ಬೀಗರಿಗೆ ವಿಷ ಕಳಿಸಿದ್ದೀವಿ ಎಂದು ಹೇಳುವುದು ಹೇಗೆ? ಅತ್ತೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರಿಂದ ಎಲ್ಲರಿಗೂ ಕೇಳಿಸಿತು.

"ಆ ಸಾರು ಉಣ್ಬೇಡಿ ಬೀಗ್ರೇ. ಉಪ್ಪು ಜಾಸ್ತಿ ಆಗೋಗದೆ."

"ಎಲ್ಲಿ ಜಾಸ್ತಿ? ಅಳತೆಗೆ ಸರಿಯಾಗಿತ್ತು. ಡಬ್ಬಿನೂ ತೊಳ್ದಿಟ್ಟೆ" ಎಂದರು ಬೀಗಿತ್ತಿ.

ಅತ್ತೆ ಫೋನನ್ನು ಬಾಯಿಗೆ ಇನ್ನೂ ಹತ್ತಿರ ಹಿಡಿದರು. "ಚೆನ್ನಾಗಿದ್ದೀರ ತಾನೆ?"

"ಚೆನ್ನಾಗಿದ್ದೀವಿ."

ಸ್ವಲ್ಪ ಹೊತ್ತಿಗೆ ಮತ್ತೆ ಮಾಡಿದರು. "ಬೀಗ್ರು ಏನ್ಮಾಡ್ತಾವ್ರೆ? ಮಲ್ಗವ್ರಾ? ಮಲಗಿದ್ರೆ ಒಂದ್ಸಲ ಎಬ್ಬಿಸಿ ನೋಡಿ." ಮೂರನೇ ಸಲ, "ತಲೆಗಿಲೆ ಸುತ್ತುತಾ ಇಲ್ವಲ್ಲ?" ಎಂದರು. ನಾಲ್ಕನೇ ಸಲಕ್ಕೆ ಅತ್ತ ಕಡೆಯಿಂದ ಯಾರೂ ಫೋನ್ ಎತ್ತಲಿಲ್ಲ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು.

ಗಂಡ ಪರಿಚಯದ ಡಾಕ್ಟರಿಗೆ ಫೋನ್ ಮಾಡಿದರು. ಅವರು ಗಾಬರಿ ಬೇಡ ಎಂದರು. ಆದರೂ ತಿಂದಿದ್ದರೆ ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಿ, ಹೊಡೆದ ಔಷಧಿ ಯಾವುದೆಂದು ತಿಳಿದುಕೊಂಡು ಹೋಗಿ ಎಂದರು. ನಾವು ಕಾರು ತೆಗೆಯುವ ಹೊತ್ತಿಗೆ ಗೇಟಿನ ಮುಂದೆ ಆಟೋ ನಿಂತಿತು. ಬೀಗರಿಬ್ಬರೂ ಇಳಿದರು, ಬೀಗಿತ್ತಿಯ ಕಣ್ಣು ಕೆಂಪಾಗಿತ್ತು.

"ಯಾರಿಗೇನಾಯ್ತು? ಹೇಳ್ಬುಡಿ, ಮುಚ್ಚಿಡಬೇಡಿ" ಎಂದರು ಬೀಗರು. ಅತ್ತೆಯ ಫೋನ್ ಕೇಳಿ ಕೇಳಿ, ನಮ್ಮ ಮನೆಯಲ್ಲೇ ಯಾರೋ ತೀರಿಹೋಗಿದ್ದಾರೆ, ಹೇಳಲಾರದೆ ಸುತ್ತಿ ಬಳಸುತ್ತಿದ್ದಾರೆ ಎಂದುಕೊಂಡು ಬಂದಿದ್ದರು. ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಅತ್ತೆ ಎಲ್ಲ ಹೇಳಿದರು. ಅಲ್ಲಿಯವರೆಗೆ ಗುಂಡುಕಲ್ಲಿನಂತೆ ನಿಂತಿದ್ದ ಬೀಗರು ನಿಧಾನವಾಗಿ ಬಂದು ಜಗಲಿಯ ಮೇಲೆ ಮಲಗಿಬಿಟ್ಟರು. "ಅದಕ್ಕೇ ನಂಗೆ ಆಟೋದಲ್ಲಿ ಒಂಥರಾ ಆಗ್ತಿತ್ತು" ಎಂದರು.

ಬೀಗರನ್ನು ಎಬ್ಬಿಸಿ ಮುಂದಿನ ಸೀಟಿನಲ್ಲಿ ಕೂರಿಸಿದೆವು. ಹಿಂದೆ ನಾವು ಮೂವರು ಹೆಂಗಸರು ಹತ್ತಿದೆವು. ಮಾವ ಹತ್ತಲಿಲ್ಲ.

"ನೀವು ಹೋಗ್ಬನ್ನಿ. ನಾನು ಬರಲ್ಲ."

"ಸಾಯ್ಬೇಕು ಅಂತಿದ್ದೀರೇನ್ರೀ" ಎಂದು ಅತ್ತೆ ಗದರಿದರು.

ಮಾವ ಕಾರಿನ ಬಾಗಿಲು ಹಿಡಿದು ನಿಂತರು. "ಆ ಸೊಪ್ಪು ಸೈಟಿಂದಲ್ಲ" ಎಂದರು. "ಹೋದ ವರ್ಷ ಅಲ್ಲೊಂದು ನಾಗರಹಾವು ನೋಡ್ದೆ. ಆವತ್ತಿಂದ ಕಾಲಿಟ್ಟಿಲ್ಲ. ಆ ಕಡೆ ರಸ್ತೆ ತಿರುವಲ್ಲಿ ಒಬ್ಬಳು ಕೂತ್ಕೋತಾಳೆ. ಅವಳ ಹತ್ರ ತರ್ತೀನಿ."

ಗಂಡ ಇಂಜಿನ್ ಆರಿಸಿದರು.

"ಮತ್ತೆ ಪಂಚೆಗೆ ಮುಳ್ಳು?" ಎಂದು ಅತ್ತೆ ಕೇಳಿದರು.

"ಗೇಟಿನ ಪಕ್ಕ ಒಂದು ಉತ್ತರಾಣಿ ಗಿಡ ಅದೆ. ಅದಕ್ಕೆ ಒಂದ್ಸಲ ಉಜ್ಜುತಿದ್ದೆ."

ಬೀಗರು ಸೀಟಿನಲ್ಲಿ ನೆಟ್ಟಗೆ ಕೂತರು, ಅವರ ಕಾಯಿಲೆ ಅಲ್ಲಿಗೆ ವಾಸಿಯಾಗಿತ್ತು. ನನಗೆ ನಗು ಬಂತು, ಕೆಮ್ಮಿದಂತೆ ಮಾಡಿದೆ. ಅತ್ತೆ ನಗಲಿಲ್ಲ, ಬೈಯಲೂ ಇಲ್ಲ. "ಅವಳು ಎಲ್ಲಿಂದ ತರ್ತಾಳೆ?" ಎಂದರು. ಮಾವನಿಗೆ ಗೊತ್ತಿರಲಿಲ್ಲ. ಅವರನ್ನೂ ಹಿಂದಿನ ಸೀಟಿಗೆ ತುರುಕಿಕೊಂಡು ಆರು ಜನ ಸೊಪ್ಪಿನವಳನ್ನು ಹುಡುಕಿ ಹೊರಟೆವು.

ಅವಳು ಮಾರಿ ಮುಗಿಸಿ ಗೋಣಿಚೀಲ ಮಡಚುತ್ತಿದ್ದಳು. ಒಂದೇ ಕಾರಿನಿಂದ ಇಷ್ಟು ಜನ ಇಳಿದು ಬರುವುದನ್ನು ಕಂಡು ಎದ್ದು ನಿಂತಳು. ಮಾವನ ಗುರುತು ಹತ್ತಿ ಅವಳಿಗೆ ಸಮಾಧಾನವಾಯಿತು. "ಯಾಕ್ ಸಾಮಿ, ಇವತ್ತು ಮಣ್ಣು ಕಮ್ಮಿಯಾಗಿತ್ತಾ?" ಎಂದಳು. ಮಾವ ರಸ್ತೆಯ ಆಚೆ ನೋಡಿದರು.

"ಸೊಪ್ಪು ಎಲ್ಲಿಂದ ಕೀಳ್ತೀಯಮ್ಮ? ಔಷಧಿಗಿವ್ಷಧಿ ಹೊಡಿತೀರಾ?" ಎಂದು ಬೀಗಿತ್ತಿ ಕೇಳಿದರು.

"ನಮ್ ಒಲ್ದಲ್ಲೇ ಕಣವ್ವ. ಇದೇನ್ ಬೆಳ್ದಿದ್ದಾ, ಕಳೆ. ಕಳೆಗೇ ಔಸ್ದಿ ಒಡ್ದುಬುಟ್ರೆ ನಾನೇನ್ ಮಾರ್ಲಿ?"

ಬೀಗಿತ್ತಿ ನಗಲು ಶುರು ಮಾಡಿದರು. ನಿಲ್ಲಿಸಲಾಗದೆ ಕಾರಿನ ಬಾನೆಟ್ ಹಿಡಿದುಕೊಂಡರು. ಕೊನೆಗೆ ಅತ್ತೆಯೂ ನಕ್ಕರು.

ಸಂಪಿನ ವಿಷಯ ಮಾತ್ರ ನಗುವಿನಲ್ಲಿ ಮುಗಿಯಲಿಲ್ಲ. ಮರುದಿನವೇ ನೀರೆಲ್ಲ ಖಾಲಿ ಮಾಡಿಸಿ, ತಿಕ್ಕಿಸಿದೆವು. ಮತ್ತೆ ತುಂಬಿಸಿದ ನೀರನ್ನು ಪರೀಕ್ಷೆಗೆ ಕೊಟ್ಟೆವು. ಚೆನ್ನಾಗಿದೆ ಎಂದು ವರದಿ ಬಂತು. ಕಳೆ ಔಷಧಿಯೂ ಇಲ್ಲ ತಾನೆ ಎಂದು ಗಂಡ ಕೇಳಿದಾಗ, ಈ ಪರೀಕ್ಷೆಯಲ್ಲಿ ಅದನ್ನು ನೋಡುವುದೇ ಇಲ್ಲ, ಅದಕ್ಕೆ ಬೇರೆ ಕಡೆ ಕಳಿಸಬೇಕು ಎಂದು ಲ್ಯಾಬಿನವರು ಹೇಳಿದರಂತೆ. ಕಳಿಸಿದೆವು. ಅದರಲ್ಲೂ ಏನೂ ಸಿಗಲಿಲ್ಲ. ಆದರೂ ಸಂಪಿನ ಬಾಯಿಗೆ ಕಟ್ಟೆ ಕಟ್ಟಿಸಿ, ನೀರು ಇಳಿಯದ ಮುಚ್ಚಳ ಹಾಕಿಸಿದೆವು.

ಸೈಟಿನ ಮಾಲೀಕರಿಗೆ ಅತ್ತೆಯೇ ಫೋನ್ ಮಾಡಿ, ಇನ್ನು ಮುಂದೆ ಹುಲ್ಲನ್ನು ಆಳಿಟ್ಟು ಕೊಯ್ಯಿಸಿ ಎಂದು ಒಪ್ಪಿಸಿದರು. ಹಾವಿದೆ, ಆಳುಗಳು ಹೆದರುತ್ತಾರೆ ಎಂದು ಅವರು ಗೊಣಗಿದರಂತೆ. "ಹೆದರಿಕೆ ಇದ್ರೆ ಬೂಟ್ಸ್ ಹಾಕ್ಕೊಂಡು ಬರೋಕ್ಕೇಳಿ" ಎಂದು ಅತ್ತೆ ಫೋನ್ ಇಟ್ಟರು. ಮಾವ ಅಲ್ಲೇ ಕೂತು ಸೊಪ್ಪು ಸೋಸುತ್ತಿದ್ದರು.