ಜಯಂತಿಯ ಚೀಟಿ

ಒಗ್ಗರಣೆಯ ಚಟಪಟ ಕೇಳಿದರೆ ನಾನು ಇಂದಿಗೂ ಅಡುಗೆಮನೆಯಿಂದ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಹೆಂಡತಿ ನಗುತ್ತಾಳೆ. ಸಾಸಿವೆಗೆ ಹೆದರುವ ಈ ಗಂಡಸು ಒಂದು ಕಾಲದಲ್ಲಿ ಕರಗಿದ ಕಬ್ಬಿಣದ ಪಕ್ಕ ನಿಂತು ಜೋಕು ಹೇಳುತ್ತಿದ್ದ ಎಂದರೆ ಶಿವಮೊಗ್ಗದ ಗೋಪಾಳ ಬಡಾವಣೆಯ ನಮ್ಮ ಬೀದಿಯಲ್ಲಿ ಯಾರೂ ನಂಬುವುದಿಲ್ಲ.

ತೊಂಬತ್ತರ ದಶಕದ ಕೊನೆ. ಭದ್ರಾವತಿಯ ಅಂಚಿನ ಸಣ್ಣ ಎರಕದ ಕಾರ್ಖಾನೆಯೊಂದರಲ್ಲಿ ನಾನು ಸೂಪರ್‌ವೈಸರ್. ಮರಳಿನ ಅಚ್ಚಿಗೆ ಕಬ್ಬಿಣ ಹೊಯ್ಯುವುದು ನಮ್ಮ ಕೆಲಸ. ಮರಳಿನಲ್ಲಿ ತೇವ ಹೆಚ್ಚಿದ್ದರೆ ನೀರು ಆವಿಯಾಗಿ ಕಬ್ಬಿಣವನ್ನೇ ಚಿಮ್ಮಿಸಿಬಿಡುತ್ತದೆ. ಆ ತೇವ ಅಳೆದು ಚೀಟಿ ಬರೆಯುವವಳು ಲ್ಯಾಬಿನ ಜಯಂತಿ, ಜನ್ನಾಪುರದವಳು. ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪದವಳು. ನಾಲ್ಕು ಜನರ ಮುಂದೆ ಮಾತ್ರ ಅವಳ ಕೈ ನಡುಗುತ್ತಿತ್ತು. ಊಟದ ಡಬ್ಬಿಯನ್ನೂ ಎಲ್ಲರೂ ಎದ್ದ ಮೇಲೆ ತೆರೆಯುತ್ತಿದ್ದಳು. ನಾವು ಅದನ್ನು ಜಂಬ ಎಂದುಕೊಂಡಿದ್ದೆವು. ಸಂಕೋಚಕ್ಕೂ ಜಂಬಕ್ಕೂ ಹೊರಗಿನಿಂದ ಒಂದೇ ಮುಖ. ಒಳಗೆ ಇಣುಕುವ ಪುರುಸೊತ್ತು ಯಾರಿಗಿತ್ತು?

ಅಂದು ಬೆಳಿಗ್ಗೆ ಅವಳು ಚೀಟಿ ಹಿಡಿದು ಫೋರ್‌ಮನ್ ಮುನಿಸ್ವಾಮಿಯ ಬೆನ್ನ ಹಿಂದೆ ನಿಂತಳು. ಅವನು ಮಾತಾಡುತ್ತಲೇ ಇದ್ದ. ಅವಳ ತುಟಿ ಎರಡು ಸಲ ತೆರೆದು ಮುಚ್ಚಿತು.

“ಏನ್ ಮಾರಾಯ್ತಿ, ಭಾಷಣ ಏನಾದ್ರೂ ಇದ್ಯಾ?” ಎಂದೆ ನಾನು.

“ಮೇಡಂಗೆ ಮೈಕ್ ತರಿಸ್ಲಾ?” ಎಂದ ಮುನಿಸ್ವಾಮಿ.

ಎಲ್ಲರೂ ನಕ್ಕೆವು. ಅವಳು ಚೀಟಿಯನ್ನು ಮೇಜಿನ ಮೇಲಿಟ್ಟು ಓಡಿದಳು. ಯಾರೂ ಓದಲಿಲ್ಲ.

ಹತ್ತು ನಿಮಿಷದಲ್ಲಿ ಅಚ್ಚು ಸಿಡಿಯಿತು. ಕಬ್ಬಿಣ ಹೊಯ್ಯುತ್ತಿದ್ದ ಮಂಜಪ್ಪನ ಪ್ಯಾಂಟಿಗೆ ಬೆಂಕಿ ಹತ್ತಿತು. ನೆಲಕ್ಕೆ ಕೆಡವಿ ಹೊರಳಿಸಿದೆವು. ಕಾಲು ಸುಟ್ಟಿತು, ಜೀವ ಉಳಿಯಿತು. ಆದರೆ ನನ್ನ ತಲೆಯಲ್ಲಿ ಆ ಸಿಡಿತಕ್ಕಿಂತ ಹೆಚ್ಚು ಸಲ ಕೇಳಿಸುವುದು ಅದಕ್ಕೂ ಮುಂಚಿನ ನಮ್ಮ ನಗು. ಬಿ.ಎಸ್ಸಿ. ಓದಿದವನಾದ್ದರಿಂದ, ದಾರಿ ಕಾಣದ ಆವಿಯ ಹಾಗೆಯೇ ಹೊರಬರದ ಮಾತೂ ಸಿಡಿಯುತ್ತದೆ ಎಂದು ಬರೆಯುವ ಆಸೆ ನನಗೆ. ಆದರೆ ಜಯಂತಿ ಎಂದೂ ಸಿಡಿಯಲಿಲ್ಲ. ಸಿಡಿದದ್ದು ನಮ್ಮ ಅಚ್ಚು.

ಮಧ್ಯಾಹ್ನ ಮ್ಯಾನೇಜರ್ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಜಯಂತಿಯತ್ತ ತಿರುಗಿ, “ಬಾಯಿಬಿಟ್ಟು ಹೇಳೋಕೆ ಏನಮ್ಮ ಕಷ್ಟ? ನಾಳೆಯಿಂದ ಬರೋದ್ ಬೇಡ” ಎಂದರು. ಅವಳು ನೆಲ ನೋಡುತ್ತಿದ್ದಳು. ನಿಜ ನನಗೆ ಗೊತ್ತಿತ್ತು. ಶಿವಮೊಗ್ಗದ ಬಸ್ಸಿನಲ್ಲಿ ಬಿಡುವಿಲ್ಲದೆ ಹರಟುತ್ತಿದ್ದ ನನ್ನ ನಾಲಿಗೆ ಒಣಗಿತು. ಕಿವಿಯಲ್ಲಿ ಎದೆಬಡಿತ. ಒಂದು ಚೀಟಿ ಕೊಡಲು ಇವಳು ದಿನಾ ಇಷ್ಟು ದಾಟಿ ಬರುತ್ತಾಳೆಯೇ ಎಂದು ಆಗ ಹೊಳೆಯಿತು.

“ಸಾರ್... ಅವಳು ಬಂದಿದ್ಲು. ನಾನೇ ನಕ್ಕಿದ್ದು.” ಆ ಧ್ವನಿ ನನ್ನದೆನ್ನಿಸಲಿಲ್ಲ.

ಮುನಿಸ್ವಾಮಿ ಕೆಮ್ಮಿದ. “ನಾನೂನು ಸಾರ್.”

ಅವಳ ಕೆಲಸ ಉಳಿಯಿತು. ಆಮೇಲೆ ಎಲ್ಲರೂ ಅವಳಿಗೆ “ಧೈರ್ಯ ಮಾಡಮ್ಮ” ಎಂದರು. ಜ್ವರ ಬಂದವನಿಗೆ ತಣ್ಣಗಿರಪ್ಪ ಎಂದ ಹಾಗೆ. ನನಗೆ ತೋಚಿದ್ದು ಇಷ್ಟೇ: ಹೊಯ್ಯುವ ಮುಂಚೆ ನಾನೊಬ್ಬನೇ ಲ್ಯಾಬಿಗೆ ನಡೆದು ಹೋಗುವುದು, ಅವಳ ಮುಖ ದಿಟ್ಟಿಸದೆ ಕಿಟಕಿ ನೋಡುತ್ತ ಕೇಳುವುದು, ಉತ್ತರ ಬರುವವರೆಗೂ ಸುಮ್ಮನಿರುವುದು. ಮೂರನೆಯದು ನನಗೆ ಬಲು ಕಷ್ಟವಾಯಿತು.

ಮೂರನೆಯ ವಾರ ಒಂದು ಬೆಳಿಗ್ಗೆ, “ಹೇಗಿದೆ ಇವತ್ತು?” ಎಂದೆ. ಅವಳು ತಲೆ ಎತ್ತದೆ, “ಬೇಡ” ಎಂದಳು.

ಹೊರಗೆ ಬಂದು ಕೈ ಎತ್ತಿದೆ. ಏಳೆಂಟು ಗಂಡಸರು, ಕುದಿಯುವ ಕುಲುಮೆ, ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದ ಲಾರಿ, ಎಲ್ಲವೂ ಆ ಎರಡಕ್ಷರದ ಅಪ್ಪಣೆಗೆ ನಿಂತವು.