ಸಂಡಗಿ ಹಾಕೋ ಧೋತರ

ಕೊಪ್ಪಳದ ಹತ್ತಿರ ಉಕ್ಕಿನ ಕಾರ್ಖಾನೆಗೆ ಅಂಟಿಕೊಂಡ ಒಂದು ಊರಲ್ಲಿ ಹಸಿರು ಹೈಡ್ರೋಜನ್ ಬಗ್ಗೆ ತಿಳಿಸಿ ಹೇಳುವುದು ಅವತ್ತು ನನ್ನ ಕೆಲಸ. ಯಲಬುರ್ಗಾ ಕಡೆಯ ಗಾಳಿಯಂತ್ರಗಳ ಕರೆಂಟಿನಿಂದ ನೀರು ಒಡೆದು ಗ್ಯಾಸು ತೆಗೆಯುತ್ತೇವೆ, ಕುಲುಮೆಗೆ ಕಲ್ಲಿದ್ದಲಿನ ಬದಲು ಅದನ್ನೇ ಕೊಟ್ಟರೆ ಊರ ಮೇಲೆ ಮಸಿ ಬೀಳುವುದಿಲ್ಲ ಎಂದೆ.

ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ ಶಾಂತವ್ವ ಎಂಬ ಹಿರಿಯರು ನಡುವೆಯೇ ಎದ್ದು ಮನೆಗೆ ಹೋದರು. ಬೇಸರವಾಯಿತೇನೋ ಅಂದುಕೊಂಡೆ. ಮಡಚಿದ ಬಿಳಿ ಧೋತರ ಹಿಡಿದು ವಾಪಸ್ ಬಂದರು.

"ಹಂಗಾರ ಈ ಬ್ಯಾಸಗಿಗೆ ಇದನ್ನ ಮಾಳಗಿ ಮ್ಯಾಲೆ ಹಾಸಿ ಸಂಡಗಿ ಹಾಕಬಹುದೇನ್ರಿ ಸರ? ಮಸಿ ಬೀಳ್ತೈತಂತ ಈಗ ಒಳಗ ಫ್ಯಾನಿನ ಕೆಳಗ ಒಣಗಸ್ತೀವಿ. ಬಿಸಿಲಿಗೆ ಒಣಗಿದ್ದರ ರುಚಿನ ಬ್ಯಾರೆರಿ."

"ಈ ಬ್ಯಾಸಗಿಗೆ ಆಗಂಗಿಲ್ರಿ ಅಮ್ಮ."

"ಮುಂದಿನ ಬ್ಯಾಸಗಿಗೆ?"

ಗ್ಯಾಸು ಇನ್ನೂ ತುಟ್ಟಿ, ಕುಲುಮೆ ಬದಲಿಸಬೇಕು, ಅಷ್ಟು ನೀರು ಎಲ್ಲಿಂದ ತರುವುದೆಂದೇ ತೀರ್ಮಾನವಾಗಿಲ್ಲ ಎಂದೆ.

ಅವರು ಧೋತರವನ್ನು ಇನ್ನೊಂದು ಮಡಿಕೆ ಮಡಚಿದರು. "ಇರ್ಲಿ ತಗೋರಿ. ಮೊಮ್ಮಗಳಿಗೆ ಒಳಗ ಹಾಕಾಕ ಕಲಿಸಿರ್ತೀನಿ. ನಿಮ್ಮ ಗ್ಯಾಸ್ ಬರೂತನಕ ಮನ್ಯಾಗ ಯಾರಿಗಾರ ಸಂಡಗಿ ಹಾಕಾಕ ಬರಬೇಕಲ್ರಿ."

ಯಾವ ಹೈಡ್ರೋಜನ್ ಹಸಿರು ಎಂದು ಹೇಳಲು ನಮ್ಮ ಆಫೀಸಿನಲ್ಲಿ ದಪ್ಪನೆಯ ನಿಯಮಾವಳಿಯೇ ಇದೆ. ನಾನು ಮಾತ್ರ ಬೇಸಿಗೆಯಲ್ಲಿ ಆ ದಾರಿಯಾಗಿ ಹೋದಾಗಲೆಲ್ಲ ಬಸ್ಸಿನ ಕಿಟಕಿಯಿಂದ ಮನೆಗಳ ಮೇಲಿನ ಮಾಳಗಿಗಳನ್ನೇ ನೋಡುತ್ತೇನೆ. ಇನ್ನೂ ಒಂದು ಧೋತರವೂ ಕಂಡಿಲ್ಲ.