ಮಹಡಿಯಿಂದ ಬೆಟ್ಟ ಇಳಿಸಿದ್ದು

ಎಪ್ಪತ್ತೊಂದು ದಾಟಿದ ಮೇಲೆ ನಾನು ಒಂದು ಲೆನ್ಸು ಕೊಂಡೆ. ಹಕ್ಕಿಯ ಹುಚ್ಚು ನನಗಿಲ್ಲ, ಚಂದ್ರನ ಹಂಗಿಲ್ಲ. ನಮ್ಮ ಮಹಡಿಯ ಮೇಲಿದ್ದ ಒಂದು ಬೆಟ್ಟವನ್ನು ಕೆಳಗೆ ನಡುಮನೆಗೆ ಇಳಿಸಬೇಕಾಗಿತ್ತು.

ವಿಷಯ ಇಷ್ಟು. ನಮ್ಮದು ಮಳವಳ್ಳಿ, ಮನೆದೇವರು ಬಿಳಿಗಿರಿರಂಗ. ಆಕಾಶ ತಿಳಿಯಾಗಿದ್ದ ದಿನ ಮಹಡಿಯ ದಕ್ಷಿಣದ ಮೂಲೆಯಲ್ಲಿ ನಿಂತರೆ ಕಾವೇರಿಯಾಚೆಯ ಅವನ ಬೆಟ್ಟ ನೀಲಿಯಾಗಿ ಕಾಣುತ್ತದೆ. ನಮ್ಮೊಂದಿಗೇ ಇರುವ ನನ್ನ ಅಕ್ಕ, ಎಂಬತ್ತರ ಹತ್ತಿರದವಳು, ದಿನಾ ಬೆಳಿಗ್ಗೆ ಹತ್ತೊಂಬತ್ತು ಮೆಟ್ಟಿಲು ಹತ್ತಿ ಅದಕ್ಕೆ ಕೈ ಮುಗಿದು, ಇಳಿದು ಬಂದ ಮೇಲೆಯೇ ಕಾಫಿ ಕುಡಿಯುತ್ತಿದ್ದಳು. ಕಳೆದ ದೀಪಾವಳಿಯ ಹೊತ್ತಿಗೆ ಅವಳ ಮಂಡಿ ಮೆಟ್ಟಿಲಿಗೆ ಒಪ್ಪಲಿಲ್ಲ. ಮುಂದಿಟ್ಟ ಕಾಫಿ ಆರಿಹೋಗುವವರೆಗೂ ಲೋಟವನ್ನೇ ನೋಡುತ್ತ ಕೂರುತ್ತಿದ್ದಳು. ಒಂದು ದಿನ ನನ್ನನ್ನು ಕರೆದು, “ನಾನಂತೂ ಮ್ಯಾಕೆ ಅತ್ತಕ್ಕಾಗಕಿಲ್ಲ. ಅದ್ನೇ ಕೆಳಕ್ಕೆ ತತ್ತೀಯೇನ್ಲಾ? ಒಂದು ಪೋಟ ತೆಗೆದು ದೇವ್ರ ಗೂಡಲ್ಲಿಕ್ಕು” ಎಂದಳು.

ಸರ್ವೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಸರಪಳಿ ಎಳೆಸಿದವನು ನಾನು. ಐದಕ್ಕೆ ಏಳುವುದು, ಆರು ಹತ್ತಕ್ಕೆ ಹೊರಬೀಳುವುದು, ಕಂಡದ್ದನ್ನು ಕಂಡಲ್ಲೇ ಪುಸ್ತಕದಲ್ಲಿ ಬರೆಯುವುದು, ಕಾಣದ್ದನ್ನು ಬರೆಯದಿರುವುದು. ಈ ಅಭ್ಯಾಸ ನಿವೃತ್ತಿಯಾದರೂ ನಿವೃತ್ತಿಯಾಗಿಲ್ಲ. ನಮ್ಮ ಮನೆಯಲ್ಲಿ ಚಪ್ಪಲಿಗೂ ಗಡಿಕಲ್ಲಿದೆ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಮಗಳು ಹೊಸದು ಕೊಂಡು ನನಗೆ ದಾಟಿಸಿದ್ದ ಹಳೆಯ ಕ್ಯಾಮೆರಾ ಇತ್ತು. ಪೇಟೆಯ ಸ್ಟುಡಿಯೋದವನು ಅದಕ್ಕೆ ಹೊಂದುವ, ಇದ್ದುದರಲ್ಲೇ ಅಗ್ಗದ ಉದ್ದ ಲೆನ್ಸೊಂದನ್ನು ಹುಡುಕಿ ಕೊಟ್ಟ. ಕೊಡುವಾಗ ಮಾತ್ರ ಧರ್ಮ ಬಿಡಲಿಲ್ಲ. “ಸಾರ್, ನಾಮಕರಣಕ್ಕೆ ಇದು ಸಾಕು. ಬೆಟ್ಟಕ್ಕೆ ಅಂದ್ರೆ ಬೆಟ್ಟನೇ ಒಸಿ ಅತ್ರ ಬರ್ಬೇಕಾಯ್ತದೆ.”

ಬೆಟ್ಟ ಬರಲಿಲ್ಲ. ಲೆನ್ಸನ್ನು ಮುನ್ನೂರು ಮಿಲಿಮೀಟರಿಗೆ ಪೂರ್ತಿ ಎಳೆದರೆ ಚಿತ್ರ ನೆಂದ ಹತ್ತಿಯಂತಾಗುತ್ತಿತ್ತು. ಇನ್ನೂರೈವತ್ತಕ್ಕೆ ಹಿಂದೆಳೆದರೆ ಸ್ವಲ್ಪ ಮರ್ಯಾದೆ. ದೂರದ ಬೆಟ್ಟ ನುಣ್ಣಗೆ ಎಂದ ಹಿರಿಯರಿಗೆ ಕಣ್ಣು ಚೆನ್ನಾಗಿದ್ದಿರಬೇಕು, ಅಥವಾ ಕೈಯಲ್ಲಿ ಲೆನ್ಸಿರಲಿಲ್ಲ. ನಡುವೆ ಇರುವುದು ನಲವತ್ತು ಕಿಲೋಮೀಟರಿಗೂ ಮಿಕ್ಕ ಗಾಳಿ, ಮತ್ತು ಗಾಳಿ ಸುಮ್ಮನಿರುವ ಪದಾರ್ಥವಲ್ಲ. ಬಿಸಿಲೇರಿದ ಮೇಲೆ ದುರ್ಬೀನಿನಲ್ಲಿ ಅಳತೆ ಕೋಲು ಹೇಗೆ ಕುಣಿಯುತ್ತದೆಂದು ನನಗೆ ಗೊತ್ತು. ಎಷ್ಟೋ ಮಧ್ಯಾಹ್ನ ಆ ಕುಣಿತಕ್ಕೆ ಸೋತು ಹುಣಸೆ ಮರದಡಿ ಬುತ್ತಿ ಬಿಚ್ಚಿದ್ದೇನೆ. ಅದಕ್ಕೇ ಸೂರ್ಯ ಹುಟ್ಟಿದ ಮೊದಲ ಇಪ್ಪತ್ತು ನಿಮಿಷ ಮಾತ್ರ ಕೆಲಸ. ಮೂರು ಕಾಲಿನ ಸ್ಟ್ಯಾಂಡಿಗೆ ಮರಳಿನ ಚೀಲ ತೂಗುಹಾಕಿ, ಗುಂಡಿ ಒತ್ತಿ, ಉಸಿರು ಹಿಡಿದು ನಿಲ್ಲುವುದು. ಒಂದು ದಿನ ಮಂಜು, ಒಂದು ದಿನ ಆಲೆಮನೆಯ ಹೊಗೆ, ಮತ್ತೊಂದು ದಿನ ಯಾರೋ ಕಬ್ಬಿನ ತರಗಿಗೆ ಬೆಂಕಿ ಇಟ್ಟಿರುತ್ತಾರೆ. ಪುಸ್ತಕದಲ್ಲಿ ಸಾಲಾಗಿ “ಕಾಣಲಿಲ್ಲ” ಎಂದು ಬರೆದೆ.

ಸಂಕ್ರಾಂತಿಗೆ ಮುಂಚೆ ಎರಡು ದಿನ ಅಕಾಲದ ಮಳೆ ಹೊಡೆದು ಮೂರನೆಯ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಅಕ್ಕ ಕೈ ಮುಗಿಯುತ್ತಿದ್ದ ಬೆಟ್ಟ ಚಿತ್ರದಲ್ಲಿ ಚೊಕ್ಕವಾಗಿ ಬಂತು. ಹಿಗ್ಗಿಸಿ ನೋಡಿದರೆ, ನೆತ್ತಿಯ ಮೇಲೆ ಮೊಬೈಲ್ ಟವರು, ಎಡ ಮಗ್ಗುಲು ಕಲ್ಲುಕ್ವಾರಿಗೆ ಹೋಗಿ ಕತ್ತರಿಸಿದ ಬೆಲ್ಲದ ಅಚ್ಚಿನಂತಿದೆ. ಇದು ರಂಗನ ಬೆಟ್ಟವೇ ಅಲ್ಲ. ದಿಕ್ಸೂಚಿ ತಂದೆ, ನಕ್ಷೆ ಹಾಸಿದೆ. ಅದು ರಂಗನ ಬೆಟ್ಟಕ್ಕಿಂತ ಈಚೆಗೇ ಇರುವ ಯಾವುದೋ ಗುಡ್ಡ. ನಕ್ಷೆಯಲ್ಲಿ ಎತ್ತರದ ಅಂಕಿ ಬಿಟ್ಟರೆ ಹೆಸರೂ ಇಲ್ಲ. ನಿಜವಾದ ಬೆಟ್ಟದ ಗೆರೆ ಹಿಡಿದು ನೋಡಿದರೆ ಎದುರಿಗೆ ಪಕ್ಕದ ಮನೆ ಮೇಷ್ಟ್ರ ಮೆಟ್ಟಿಲ ಕೋಣೆ, ಅದರ ಮೇಲೆ ಕರಿ ನೀರಿನ ಟ್ಯಾಂಕು.

ಊರವರ ಗಡಿ ತಗಾದೆಗಳನ್ನು ತೀರಿಸಿದವನು, ನಮ್ಮ ಮಹಡಿಯಿಂದ ಕಾಣುವುದು ಯಾವ ಬೆಟ್ಟ ಎಂದು ಒಮ್ಮೆಯೂ ಅಳೆದಿರಲಿಲ್ಲ. ಅದಿರಲಿ, ಅಕ್ಕನಿಗೆ ಏನು ಹೇಳುವುದು? ಇಷ್ಟು ವರ್ಷ ಕ್ವಾರಿಗೆ ಕೈ ಮುಗಿದೆ ಎಂದೇ? ಸರ್ವೆಯವನಿಗೆ ಸಲ್ಲದ ಕೆಲಸ ಮಾಡಿದೆ. ಮಾರನೆಯ ಬೆಳಿಗ್ಗೆ ಮೇಷ್ಟ್ರ ಮಹಡಿ ಹತ್ತಿ ನಿಜವಾದ ಬೆಟ್ಟದ ಚಿತ್ರ ತೆಗೆದು, ದೊಡ್ಡದಾಗಿ ಪ್ರಿಂಟು ಹಾಕಿಸಿ, ಏನೂ ಹೇಳದೆ ಅವಳ ಕೈಗಿಟ್ಟೆ.

ಅಕ್ಕ ಕನ್ನಡಕ ಸರಿಮಾಡಿಕೊಂಡು ನೋಡಿದಳು. “ಇದು ರಂಗಪ್ಪುಂದು. ಮೇಷ್ಟ್ರ ಮನೆ ಮ್ಯಾಕೆ ಓಗಿದ್ದೇನ್ಲಾ?”

“ನಿನಗೆ ಹೇಗೆ ಗೊತ್ತಾಯಿತು?” ಎಂದೆ.

“ಅವ್ರು ಮೆಟ್ಲು ಕೋಣೆ ಎಬ್ಬಿಸ್ದಾಗ್ಲೇ ರಂಗಪ್ಪ ಮುಚ್ಚೋದ. ದಿನಾ ಎದ್ದು ಅವ್ರ ಟ್ಯಾಂಕಿಗೆ ಕೈ ಮುಗ್ಯಾನಾ? ಅದುಕ್ಕೆ ಪಕ್ಕದ ಗುಡ್ಡುಕ್ಕೆ ಯೋಳ್ತಿದ್ದೆ. ನಿಂಗೆ ಅವ್ನು ಎದ್ರುಗೇ ಕಾಣ್ತಾನೆ, ಒಸಿ ಯೋಳ್ಬುಡಪ್ಪಾ ಅಂತ.”

“ನನಗೆ ಹೇಳಬಾರದಿತ್ತೇನಕ್ಕ?”

“ನೀನು ಊರೋರ ಒಲ ಅಳೀತಿದ್ದೆ. ಮನೆ ಮ್ಯಾಗಳದು ನಿಂಗ್ಯಾಕೆ ಬುಡು. ಎಲ್ಲಿ, ಆ ಗುಡ್ಡುದ್ದು ತೆಗೀನಿಲ್ವಾ?”

ಕ್ಯಾಮೆರಾದಲ್ಲೇ ತೋರಿಸಿದೆ. ಕತ್ತರಿಸಿದ ಮಗ್ಗುಲ ಮೇಲೆ ಬೆರಳಾಡಿಸಿದಳು. “ಪಾಪ, ಅರ್ಧ ತಿಂದ್ಬುಟ್ಟವ್ರೆ. ಇದ್ಕೇ ಕಟ್ಟು ಆಕ್ಸು. ರಂಗಪ್ಪುನ್ನ ನೋಡಕ್ಕೆ ಊರೇ ಓಯ್ತದೆ. ಇದುಕ್ಯಾರವ್ರೆ?”

ಹಾಗಾಗಿ ನಮ್ಮ ದೇವರ ಗೂಡಿನಲ್ಲಿ ಈಗ ಹೆಸರಿಲ್ಲದ ಗುಡ್ಡವೊಂದು ಟವರಿನ ಸಮೇತ ಕುಂಕುಮ ಇಟ್ಟುಕೊಂಡು ಕೂತಿದೆ. ಅಕ್ಕ ಕೈ ಮುಗಿದು ಕಾಫಿಯನ್ನು ಬಿಸಿಯಾಗಿದ್ದಾಗಲೇ ಕುಡಿಯುತ್ತಾಳೆ. ಆದರೆ ಅದಕ್ಕೆ ಮೊದಲು, ಆರು ಹತ್ತಕ್ಕೆ ಮಹಡಿ ಹತ್ತಿದ ನನ್ನನ್ನು ಮೆಟ್ಟಿಲ ಬುಡದಿಂದ ಕೂಗಿ ಕೇಳುತ್ತಾಳೆ: “ಐತೇನ್ಲಾ ಇನ್ನೂ?”

ಎಷ್ಟೋ ದಿನ ನನಗೆ ಏನೂ ಕಾಣುವುದಿಲ್ಲ. ಪುಸ್ತಕದಲ್ಲಿ “ಕಾಣಲಿಲ್ಲ” ಎಂದೇ ಬರೆಯುತ್ತೇನೆ. ಬರೆದು ಮುಗಿಸಿ, ಮೆಟ್ಟಿಲ ಕಡೆ ಬಗ್ಗಿ, “ಐತೆ ಕಣಕ್ಕ, ಕುಡಿ” ಎನ್ನುತ್ತೇನೆ.